ಸುಗಂಧಿಗೆ ನೀರು, ಕಾಡರಿಶಿನಕ್ಕೆ ನಿದ್ದೆ: ಅಂಬಡ್ ಬಾಲ್ಕನಿಯ ನೆರಳಿನ ತೋಟ

ಕಳೆದ ವಾರದ ವಿಡಿಯೋದಲ್ಲಿ ಆಡಿದ ಮಾತನ್ನೇ ಓದೋಕೆ ಸುಲಭ ಆಗ್ಲಿ ಅಂತ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ.

ಕೆಲಸಕ್ಕೆಂದು ನಾಸಿಕ್‌ನ ಅಂಬಡ್‌ಗೆ ಬಂದಾಗ ಅಮ್ಮ ಶಿರಸಿ ಕಡೆಯ ನಮ್ಮ ತೋಟದಿಂದ ಎರಡು ಬಗೆಯ ಗಡ್ಡೆ ಕಟ್ಟಿಕೊಟ್ಟಿದ್ದರು. ಒಂದು ಸುಗಂಧಿ, ಇನ್ನೊಂದು ಕಾಡರಿಶಿನ. ಮೊದಲ ವರ್ಷವೇ ಎರಡನ್ನೂ ಕೊಂದೆ. ಅದೇ ವರ್ಷ ಊರಲ್ಲಿ ಬಸಿಗಾಲುವೆ ಅಗಲ ಮಾಡುವಾಗ ದಂಡೆಯ ಸುಗಂಧಿ ಹಿಂಡೂ ಹೋಯ್ತು. ಅಮ್ಮ ನೆರೆಮನೆಯಿಂದ ಕೇಳಿ ತಂದ ಒಂದೇ ಒಂದು ಸುಗಂಧಿ ಗಡ್ಡೆ, ಜೊತೆಗೆ ನಾಲ್ಕು ಕಾಡರಿಶಿನ, ಎರಡನೇ ಸಲ ನನ್ನ ಕೈಗೆ ಬಂದವು. ಈ ಸಲ ಅಂದಾಜಿನ ಮೇಲೆ ನೀರು ಹಾಕೋ ಧೈರ್ಯ ಇರಲಿಲ್ಲ.

ಊರಲ್ಲಿ ಯಾರೂ ಆರೈಕೆ ಮಾಡದೆ ಬೆಳೆಯೋ ಗಿಡ ಇಲ್ಲಿ ಯಾಕೆ ಸಾಯುತ್ತೆ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೋಡ್ ಅದೇ, ಎನ್ವಿರಾನ್ಮೆಂಟ್ ಬೇರೆ. ಅಡಿಕೆ ತೋಟ ಅಂದ್ರೆ ಮೇಲೆ ಸೋಗೆಯ ನೆರಳು, ಕೆಳಗೆ ತರಗೆಲೆಯ ಹೊದಿಕೆ, ಬೇಸಿಗೆಯಲ್ಲೂ ಮಣ್ಣಲ್ಲಿ ಪಸೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ನಾಸಿಕ್ ನಗರದಲ್ಲಿ ಸುಮಾರು 700. ಇಲ್ಲಿನ ಒಣ ಗಾಳಿ ದ್ರಾಕ್ಷಿಗೆ ಒಳ್ಳೇದು, ಸುಗಂಧಿಗಲ್ಲ.

ಮೊದಲು ಬೆಳಕು. ನೆರಳಿನ ಗಿಡ ಅಂದ್ರೆ ಕತ್ತಲೆಯ ಗಿಡ ಅಲ್ಲ. ಹಾಲ್‌ನ ಮೂಲೆಯಲ್ಲಿಟ್ಟರೆ ಸುಗಂಧಿ ಎಲೆ ಬಿಡುತ್ತೆ, ಹೂ ಬಿಡಲ್ಲ. ಪೂರ್ವದ ಬಾಲ್ಕನಿಯಲ್ಲಿ ಬೆಳಿಗ್ಗೆ ಎರಡು ಮೂರು ಗಂಟೆ ಎಳೆ ಬಿಸಿಲು ಸಿಕ್ಕರೆ ಸಾಕು. ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆಯ ಅಂಚು ಸುಡುತ್ತೆ.

ಆಮೇಲೆ ಮಣ್ಣು. ಬರೀ ಕೆಂಪು ಮಣ್ಣು ಕುಂಡದಲ್ಲಿ ಇಟ್ಟಿಗೆ ಥರ ಗಟ್ಟಿಯಾಗುತ್ತೆ. ನಾನು ಅರ್ಧ ಮಣ್ಣು, ಅರ್ಧ ಕೊಳೆತ ಎಲೆಗೊಬ್ಬರ ಹಾಕ್ತೇನೆ. ಸೊಸೈಟಿಯಲ್ಲಿ ಗುಡಿಸಿದ ಒಣ ಎಲೆಯನ್ನು ತೂತು ಮಾಡಿದ ಚೀಲಕ್ಕೆ ತುಂಬಿ, ಒದ್ದೆ ಮಾಡಿ ಮೂಲೆಯಲ್ಲಿಡಿ. ಆರು ತಿಂಗಳಿಂದ ಒಂದು ವರ್ಷದಲ್ಲಿ ಪುಡಿಯಾಗುತ್ತೆ. ಕುಂಡದ ಮೇಲೂ ಎರಡು ಇಂಚು ತರಗೆಲೆ ಹಾಸಿ. ಕುಂಡಗಳನ್ನು ಒತ್ತೊತ್ತಾಗಿ ಇಟ್ಟರೆ ಪಸೆ ಬೇಗ ಆರಲ್ಲ.

ಕೊನೆಗೆ ನೀರು. ನಾನು ತಪ್ಪಿದ್ದು ಇಲ್ಲೇ. ಎರಡೂ ಶುಂಠಿಯ ಕುಟುಂಬದ ಗಿಡಗಳು, ಎರಡಕ್ಕೂ ಮಳೆಗಾಲದಲ್ಲೇ ಹೂವು. ಆದ್ರೆ ಸ್ವಭಾವ ಬೇರೆ. ಕಾಡರಿಶಿನ ಮಳೆ ನಿಂತ ಮೇಲೆ ಎಲೆ ಒಣಗಿಸಿಕೊಂಡು ಮಣ್ಣಿನೊಳಗೆ ನಿದ್ದೆ ಹೋಗುತ್ತೆ. ನಾನು ಗಾಬರಿಯಾಗಿ ದಿನಾ ನೀರು ಹಾಕಿದೆ, ಗಡ್ಡೆ ಕೊಳೆಯಿತು. ಸುಗಂಧಿಗೆ ಚಳಿಯಲ್ಲಿ ಎಲೆ ಹಳದಿಯಾಗಿದ್ದು ನೋಡಿ ನೀರೇ ನಿಲ್ಲಿಸಿದೆ, ಅದು ಒಣಗಿ ಹೋಯ್ತು. ಅದಕ್ಕೆ ವರ್ಷಪೂರ್ತಿ ಪಸೆ ಬೇಕು, ಚಳಿಗಾಲದಲ್ಲಿ ಸ್ವಲ್ಪ ಕಡಿಮೆ, ಅಷ್ಟೆ.

ಎರಡನೇ ವರ್ಷ ಕಾಡರಿಶಿನದ ಎಲೆ ಒಣಗಿದಾಗ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. "ಸತ್ತಿಲ್ಲ ತಮಾ, ಮಲಗಿದೆ. ಮಳೆ ಬರೋವರೆಗೆ ಮುಟ್ಟಬೇಡ" ಅಂದ್ರು. ಕುಂಡವನ್ನು ನೆರಳಿಗೆ ಸರಿಸಿ ಸುಮ್ಮನಿದ್ದೆ. ಜೂನ್‌ನಲ್ಲಿ ಮೊಳಕೆ ಬಂತು.

ಇನ್ನೊಂದು ಮಾತು: ಸುಗಂಧಿಯ ಒಂದು ದಂಟು ಒಂದೇ ಸಲ ಹೂ ಬಿಡೋದು. ಹೂ ಮುಗಿದ ದಂಟನ್ನು ಬುಡದಲ್ಲೇ ಕತ್ತರಿಸಿದರೆ ಹೊಸದಕ್ಕೆ ಜಾಗ ಆಗುತ್ತೆ. ಗಡ್ಡೆ ಸಿಗದವರು ನರ್ಸರಿಯ ಪೀಸ್ ಲಿಲಿಯಿಂದ ಶುರು ಮಾಡಬಹುದು. ಅದಕ್ಕೂ ಇದೇ ನೆರಳು, ಇದೇ ಮಣ್ಣು. ಆದ್ರೆ ಮನೆಯಲ್ಲಿ ಬೆಕ್ಕು, ನಾಯಿ, ಪುಟ್ಟ ಮಕ್ಕಳಿದ್ದರೆ ಕೈಗೆಟುಕದಂತೆ ಇಡಿ, ತಿಂದರೆ ಬಾಯಿ ಉರಿಯುತ್ತೆ.

ಹೋದ ಸೆಪ್ಟೆಂಬರ್‌ನಲ್ಲಿ ಸಂಜೆ ಸುಗಂಧಿ ಅರಳಿತು. ಪರಿಮಳಕ್ಕೆ ಪಕ್ಕದ ಮನೆ ಮರಾಠಿ ಆಂಟಿ ಬಂದು ನೋಡಿ "ಅರೇ, ಸೋನಟಕ್ಕಾ!" ಅಂದ್ರು. ಅವರ ತವರಿನಲ್ಲೂ ಇತ್ತಂತೆ. ಅವರಿಗೊಂದು ಗಡ್ಡೆ ಕೊಟ್ಟೆ, ಬ್ಯಾಕಪ್ ಆಯ್ತು. ದೀಪಾವಳಿಗೆ ಊರಿಗೆ ಹೋಗುವಾಗ ಇನ್ನೊಂದನ್ನು ಒದ್ದೆ ಪೇಪರ್‌ನಲ್ಲಿ ಸುತ್ತಿ ಒಯ್ದೆ. ಅಮ್ಮ ಅದನ್ನು ಬಸಿಗಾಲುವೆಯ ಹೊಸ ದಂಡೆಯಲ್ಲಿ ನೆಟ್ಟಿದ್ದಾರೆ.

ನಿಮ್ಮ ಬಾಲ್ಕನಿಯಲ್ಲೂ ಒಣಗಿದಂತೆ ಕಾಣೋ ಕುಂಡ ಇದ್ದರೆ, ಎಸೆಯೋ ಮುಂಚೆ ಮಣ್ಣು ಕೆದಕಿ ಗಡ್ಡೆ ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ ಅಂತ ಅರ್ಥ. ಮತ್ತೆ ಸಿಗೋಣ.