ಬೆಳಗಿನ ಸೆಲ್ಫ್ ಮತ್ತು ಒಂದು ಪುಟ್ಟ ವಾಲ್ವ್

ರಾತ್ರಿ ಚೆನ್ನಾಗಿಯೇ ಓಡಿ ಬಂದು ನಿಂತ ಕಾರು ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಏಳುವುದಿಲ್ಲ. ಹೇಗೋ ಒಮ್ಮೆ ಸ್ಟಾರ್ಟ್ ಆಯಿತೋ, ಆಮೇಲೆ ತಕರಾರಿಲ್ಲ. ಬಾವಿಗೆ ಮೋಟಾರು ಇಟ್ಟವರಿಗೆ ಈ ಕಾಯಿಲೆಯ ಪರಿಚಯವಿದೆ. ಫುಟ್‌ವಾಲ್ವ್ ಸರಿಯಾಗಿ ಕೂರದಿದ್ದರೆ ಪೈಪಿನ ನೀರೆಲ್ಲ ರಾತ್ರಿಯೇ ಬಾವಿಗಿಳಿದುಹೋಗುತ್ತದೆ. ಬೆಳಿಗ್ಗೆ ಮೇಲಿನಿಂದ ಕೊಡ ನೀರು ಹುಯ್ಯದೆ ಮೋಟಾರು ಎಳೆಯುವುದಿಲ್ಲ.

ಎಂಪಿಎಫ್‌ಐ ಕಾರಿನ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿರುವ ಪಂಪಿಗೂ ಅಂಥದೊಂದು ವಾಲ್ವ್ ಇದೆ. ಎಂಜಿನ್ ನಿಂತ ಮೇಲೂ ಲೈನಿನ ಒತ್ತಡ ಇಳಿಯದಂತೆ ಅದು ತಡೆಯಬೇಕು. ಓಡುವಾಗ ಈ ಒತ್ತಡ ಸಾಮಾನ್ಯವಾಗಿ 3ರಿಂದ 4 ಬಾರ್, ಟೈರಿನ ಗಾಳಿಗಿಂತ ಹೆಚ್ಚು. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲು ಕುದಿದು ಆವಿಯಾಗದಿರುವುದೂ ಇದರಿಂದಲೇ. ಘಾಟಿ ಹತ್ತಿ ಬಂದು ಚಹಾಕ್ಕೆ ನಿಲ್ಲಿಸಿದ ಕಾರು ಹತ್ತು ನಿಮಿಷಕ್ಕೇ ಮುನಿಸಿಕೊಂಡರೆ ಅನುಮಾನ ಇಲ್ಲಿಗೂ ಬರಬೇಕು.

ಕಾಸಿಲ್ಲದ ಪರೀಕ್ಷೆಯೊಂದಿದೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನಡಿ ಒಂದೆರಡು ಸೆಕೆಂಡು ಗುಂಯ್ ಎನ್ನುವುದು ಈ ಪಂಪು. ಸೆಲ್ಫ್ ಹೊಡೆಯದೆ ಎರಡು ಮೂರು ಸಲ ಹಾಗೆ ಆನ್ ಆಫ್ ಮಾಡಿ, ಆಮೇಲೆ ಹೊಡೆಯಿರಿ. ತಟ್ಟನೆ ಎದ್ದರೆ ಒತ್ತಡ ಸೋರಿತ್ತು ಎಂದರ್ಥ. ಎಲ್ಲಿ ಸೋರಿತು ಎಂಬುದು ಇದರಿಂದ ತಿಳಿಯದು. ಅಷ್ಟಕ್ಕೇ ಇಡೀ ಪಂಪ್ ಸೆಟ್ ಬದಲಿಸಿ ಬಿಲ್ ಕೊಡುವ ಗ್ಯಾರೇಜುಗಳ ಮೇಲೆ ನನಗೆ ಸಿಟ್ಟಿದೆ.

ಸೋರಿದ್ದೆಲ್ಲಿ ಎಂದು ತಿಳಿಯಲು ಇಂಜೆಕ್ಟರುಗಳ ರೈಲಿಗೆ ಒತ್ತಡದ ಗೇಜ್ ಕಟ್ಟಿ ಎಂಜಿನ್ ನಿಲ್ಲಿಸಬೇಕು. ಮುಳ್ಳು ಇಳಿಯುತ್ತಿದ್ದರೆ ಟ್ಯಾಂಕಿನಿಂದ ಬರುವ ಲೈನನ್ನು ಮುಚ್ಚಿ ನೋಡಬೇಕು. ಮುಳ್ಳು ನಿಂತರೆ ತಪ್ಪು ಟ್ಯಾಂಕಿನ ಕಡೆಯದು. ನಿಲ್ಲಲಿಲ್ಲವೇ? ವಾಪಸು ಹೋಗುವ ಲೈನನ್ನೂ ಮುಚ್ಚಿ. ಈಗ ನಿಂತರೆ ತಪ್ಪು ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನದು. ಆಗಲೂ ಇಳಿದರೆ, ಹೊರಗೆಲ್ಲೂ ಒದ್ದೆಯಿಲ್ಲದಿದ್ದರೆ, ಯಾವುದೋ ಇಂಜೆಕ್ಟರ್ ಒಳಗೇ ತೊಟ್ಟಿಕ್ಕುತ್ತಿದೆ. ಆ ಸಿಲಿಂಡರಿನ ಪ್ಲಗ್ ಒದ್ದೆಯಾಗಿರಬಹುದು. ಹೊಸ ಕಾರುಗಳಲ್ಲಿ ಬಹುಪಾಲು ವಾಪಸು ಲೈನೇ ಇಲ್ಲ, ರೆಗ್ಯುಲೇಟರೂ ಟ್ಯಾಂಕಿನೊಳಗೇ. ನೈಲಾನ್ ಪೈಪನ್ನು ಮಾತ್ರ ಇಕ್ಕಳದಿಂದ ಹಿಸುಕಬೇಡಿ, ಸೀಳುತ್ತದೆ. ನಡುವೆ ನಲ್ಲಿ ಜೋಡಿಸಬೇಕು.

ಓಡುವಾಗಲೇ ಒತ್ತಡ ಕುಸಿದು ಏರಿನಲ್ಲಿ ಪಿಕಪ್ ಸತ್ತರೆ ಅದು ಬೇರೆಯೇ ಕಥೆ. ಅಲ್ಲಿ ಮೊದಲು ಫಿಲ್ಟರ್, ಆಮೇಲೆ ಪಂಪಿನ ಕನೆಕ್ಟರಿನಲ್ಲಿ ಓಲ್ಟೇಜ್ ನೋಡಿಸಿ. ಪಿನ್ ಸುಟ್ಟು 9 ಓಲ್ಟ್ ಮಾತ್ರ ತಲುಪುತ್ತಿದ್ದರೆ ಹೊಸ ಪಂಪೂ ಹಳೆಯದರಂತೆಯೇ ಏದುಸಿರು ಬಿಡುತ್ತದೆ.