ಮರುಭೂಮಿಯಲ್ಲಿ ಮರಳಿ ಬರುವ ನೀರು

ಬಚ್ಚಲ ನೀರು ಹಿತ್ತಿಲ ಬಾಳೆಗೆ ಹರಿದರೆ ನಾವು ಹೇಸುವುದಿಲ್ಲ. ಊರಿನ ಕೊಳಚೆಯು ಹೊಲಕ್ಕೆ ಹರಿಯುವುದೆಂದರೆ ಮಾತ್ರ ಮೂಗು ಮುಚ್ಚಿಕೊಳ್ಳುತ್ತೇವೆ. ಕುವೈತಿನವರಿಗೆ ಹೀಗೆ ಹೇಸುವ ಅನುಕೂಲವಿಲ್ಲ. ಎದುರಿಗೆ ಕಡಲು, ಹಿಂದೆ ಮರಳು. ನದಿಯೆಂಬುದು ಒಂದೂ ಇಲ್ಲ. ಪೂರ್ವದಲ್ಲಿ ಅವರು ಷಟ್-ಅಲ್-ಅರಬ್ ನದಿಯಿಂದ ಹಾಯಿದೋಣಿಗಳಲ್ಲಿ ಸಿಹಿನೀರನ್ನು ತರಿಸಿಕೊಳ್ಳುತ್ತಿದ್ದರು. 1953ರಲ್ಲಿ ಸಮುದ್ರೋದಕವನ್ನು ಕಾಯಿಸಿ ಬಟ್ಟಿಯಿಳಿಸುವ ಸರಕಾರೀ ಸ್ಥಾವರವು ಅಲ್ಲಿ ಆರಂಭವಾಯಿತು. ಇಷ್ಟು ವೆಚ್ಚದಿಂದ ಪಡೆದ ನೀರನ್ನು ಒಮ್ಮೆ ಬಳಸಿ ಚೆಲ್ಲುವುದುಂಟೇ?

ಆದಕಾರಣ ಸುಲೈಬಿಯಾ ಎಂಬಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ, ದಿನವೊಂದಕ್ಕೆ 3,75,000 ಘನ ಮೀಟರು ಕೊಳಚೆನೀರನ್ನು ಶೋಧಿಸತಕ್ಕ ಮಹಾಸ್ಥಾವರವೊಂದು ಕಟ್ಟಲ್ಪಟ್ಟಿತು. ಅಲ್ಲಿ ಮೊದಲು ಸೂಕ್ಷ್ಮಜೀವಿಗಳು ಕಲ್ಮಷವನ್ನು ತಿಂದು ಕರಗಿಸುವುವು. ಬಳಿಕ ನೀರು ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳುಳ್ಳ ಪೊರೆಗಳಲ್ಲಿ ಸೋಸಲ್ಪಡುವುದು. ಕಡೆಗೆ ಅದನ್ನು ಬಲವಾಗಿ ಒತ್ತಿ ಇನ್ನೂ ಬಿಗಿಯಾದ ಪೊರೆಯನ್ನು ದಾಟಿಸುವಾಗ, ಕರಗಿದ ಲವಣವೂ ಅಳಿದುಳಿದ ರೋಗಾಣುಗಳೂ ಬಹುಮಟ್ಟಿಗೆ ಈಚೆಯೇ ನಿಂತುಬಿಡುವುವು. ಮಡಿಯಲ್ಲಿ ಬೆಳೆದ ನಮಗೆ ಬಟ್ಟೆಯಲ್ಲಿ ಸೋಸುವುದು ಗೊತ್ತು. ಉಪ್ಪನ್ನೂ ಸೋಸುವ ವಸ್ತ್ರವನ್ನು ಯಾರು ಕಂಡಿದ್ದರು!

ನೀರು ಇಷ್ಟು ನಿರ್ಮಲವಾದರೂ ಅದನ್ನು ಕುಡಿಯಲು ಕೊಡುವುದಿಲ್ಲ. ಮನಸ್ಸಿನ ಮೈಲಿಗೆಯನ್ನು ತೊಳೆಯುವ ಪೊರೆ ಇನ್ನೂ ಹುಟ್ಟಿಲ್ಲವಷ್ಟೆ. ಅದು ಅಬ್ದಲಿ, ವಫ್ರಾ ಪ್ರಾಂತಗಳ ಹೊಲಗಳಿಗೆ ಹೋಗುವುದು. ಅಲ್ಲಿ ಮರಳಿನ ನಡುವೆ ದನಗಳಿಗೆ ಹಸುರು ಮೇವು ಬೆಳೆಯುವುದು.