ಹೆದ್ದಾರಿಯಡಿ ಕಾಲುದಾರಿ: ಮೊದಲು ಗುರುತಾಗಬೇಕಾದದ್ದು ನೀರಿನ ಹಾದಿ

ಬೆಂಗಳೂರು: 2023ರ ಮಾರ್ಚ್ ತಿಂಗಳ ಮಳೆಗೆ ರಾಮನಗರ ಸಮೀಪದ ಸಂಗಬಸವನದೊಡ್ಡಿ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಜಲಾವೃತಗೊಂಡು, ವಾಹನಗಳು ನೀರಿನಲ್ಲಿ ಸಿಲುಕಿದ ಚಿತ್ರಗಳು ಓದುಗರಿಗೆ ನೆನಪಿರಬಹುದು. ಹೆದ್ದಾರಿ ಪ್ರಾಧಿಕಾರ ಆಗ ನೀಡಿದ ವಿವರಣೆಯ ಒಂದು ಅಂಶ ಮಾತ್ರ ಹೆಚ್ಚು ಚರ್ಚೆಗೆ ಬರಲಿಲ್ಲ. ಮಾದಾಪುರ ಹಾಗೂ ಸುತ್ತಲಿನ ಊರಿನವರು ಹತ್ತಿರದ ದಾರಿಗಾಗಿ ನೀರು ಹರಿಯುವ ಜಾಗಕ್ಕೆ ಮೂರು ಮೀಟರ್ ಅಗಲಕ್ಕೆ ಮಣ್ಣು ಸುರಿದಿದ್ದರು, ತಡೆಗೊಂಡ ನೀರು ಹೆದ್ದಾರಿಗೆ ನುಗ್ಗಿತು ಎಂಬುದು ಪ್ರಾಧಿಕಾರದ ವಾದವಾಗಿತ್ತು. ಆ ಜಾಗದಲ್ಲಿ 1.2 ಮೀಟರ್ ವ್ಯಾಸದ ಕೊಳವೆಗಳನ್ನು ಎರಡು ಸಾಲು ಹಾಕುವುದಾಗಿಯೂ ಅದು ತಿಳಿಸಿತ್ತು.

ತಪ್ಪು ಯಾರದೆಂಬ ವಾದ ಹಾಗಿರಲಿ. ಮನುಷ್ಯನಿಗೆ ದಾರಿ ಇಲ್ಲದ ಕಡೆ ಆತ ನೀರಿನ ದಾರಿಯನ್ನೇ ಹಿಡಿಯುತ್ತಾನೆ, ನೀರು ಮತ್ತೊಂದು ದಾರಿ ಹುಡುಕಿಕೊಳ್ಳುತ್ತದೆ. ಹೀಗಿದ್ದೂ ನಮ್ಮಲ್ಲಿ ಹೆದ್ದಾರಿ ದಾಟುವ ಹಾದಿಯ ನಕ್ಷೆ ಒಂದು ಮೇಜಿನ ಮೇಲೆ, ಚರಂಡಿಯ ನಕ್ಷೆ ಇನ್ನೊಂದು ಮೇಜಿನ ಮೇಲೆ ತಯಾರಾಗುವುದೇ ಹೆಚ್ಚು.

2023ರ ಆಗಸ್ಟ್ 1ರಿಂದ ಈ ಹೆದ್ದಾರಿಯ ಮುಖ್ಯಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ಹಾಗೂ ಮೋಟಾರುರಹಿತ ವಾಹನಗಳಿಗೆ ಪ್ರವೇಶ ನಿಷೇಧಿಸಲಾಯಿತು. ಶಾಲೆಗೆ ಸೈಕಲ್ ತುಳಿಯುವ ಹುಡುಗಿಗೆ, ಹಾಲಿನ ಕ್ಯಾನು ಹೊತ್ತು ಡೇರಿಗೆ ಹೋಗುವವರಿಗೆ ಆಚೆ ಬದಿ ತಲುಪಲು ಕೆಳಸೇತುವೆಯೇ ಆಸರೆ. ಅದರಲ್ಲಿ ನೀರು ನಿಂತರೆ ಅವರ ಮುಂದೆ ಉಳಿಯುವುದು ಬೇಲಿ ಹಾರುವ ಆಯ್ಕೆ.

ಪಾದಚಾರಿ ಮತ್ತು ಸೈಕಲ್ ಪಥವನ್ನು ಹೆದ್ದಾರಿಯಡಿ ರೂಪಿಸುವಾಗ ಮೊದಲ ಪ್ರಶ್ನೆ ಅಗಲದ್ದಲ್ಲ, ಆಳದ್ದು. ಲಾರಿ ಹಾಯಬೇಕಾದರೆ ಐದೂವರೆ ಮೀಟರ್ ಎತ್ತರ ಬೇಕು. ಸೈಕಲ್ ಸವಾರನಿಗೆ ಎರಡೂವರೆಯಿಂದ ಮೂರು ಮೀಟರ್ ಸಾಕು. ಹೆದ್ದಾರಿ ಹಾಸಿನ ದಪ್ಪವನ್ನೂ ಸೇರಿಸಿದರೆ ಸುಮಾರು ಮೂರೂವರೆ ಮೀಟರ್ ಕೆಳಗಿಳಿಯಬೇಕಾಗುತ್ತದೆ. ವೃದ್ಧರೂ ಏರಬಲ್ಲಂತೆ 20 ಮೀಟರಿಗೆ ಒಂದು ಮೀಟರ್ ಇಳಿಜಾರು ಕೊಟ್ಟರೆ ಪ್ರತಿ ಬದಿಗೆ 70 ಮೀಟರ್ ಉದ್ದದ ಇಳಿಜಾರು ಬೇಕು. ಅದೇ ಹೆದ್ದಾರಿಯನ್ನು ಎರಡು ಮೀಟರ್ ಎತ್ತರಿಸಿದರೆ ಈ ಉದ್ದ 30 ಮೀಟರಿಗೆ ಇಳಿಯುತ್ತದೆ. ನೆದರ್ಲೆಂಡ್ಸ್‌ನ ಸೈಕಲ್ ಕೆಳಸೇತುವೆಗಳಲ್ಲಿ ಬಹುಮಟ್ಟಿಗೆ ಅನುಸರಿಸುವುದು ಇದೇ ಕ್ರಮವನ್ನು. ಅಲ್ಲಿ ಪಕ್ಕದ ಗೋಡೆಗಳನ್ನು ಹೊರಕ್ಕೆ ವಾಲಿಸಿ ಕಟ್ಟುವುದೂ ಉಂಟು. ಒಳಹೊಕ್ಕವರಿಗೆ ಆಚೆಯ ಬೆಳಕು ಕಾಣುತ್ತದೆ. ಸಂಜೆ ಒಬ್ಬಳೇ ಮನೆಗೆ ಮರಳುವ ಮಹಿಳೆಗೆ ಇದು ಸಣ್ಣ ಸಂಗತಿಯಲ್ಲ.

ಆಳ ಕಡಿಮೆಯಾದಷ್ಟೂ ನೀರೂ ಕಡಿಮೆ. ನಾಲ್ಕು ಮೀಟರ್ ಅಗಲದ, ಎರಡೂ ಬದಿ ತಲಾ 70 ಮೀಟರ್ ಉದ್ದದ ಇಳಿಜಾರಿನ ಮೇಲೆ ಗಂಟೆಗೆ 60 ಮಿಲಿಮೀಟರ್ ಮಳೆ ಬಿದ್ದಿತೆಂದುಕೊಳ್ಳೋಣ. ಒಂದು ತಾಸಿನಲ್ಲಿ ತಳಕ್ಕೆ ಸೇರುವುದು 33 ಸಾವಿರ ಲೀಟರಿಗೂ ಹೆಚ್ಚು ನೀರು, ಅಂದರೆ ಆರು ಸಾವಿರ ಲೀಟರಿನ ಐದಾರು ಟ್ಯಾಂಕರ್‌ನಷ್ಟು. ಇದು ನೇರವಾಗಿ ಸುರಿದ ಮಳೆಯ ಲೆಕ್ಕ ಮಾತ್ರ. ಸರ್ವೀಸ್ ರಸ್ತೆಯ ನೀರೂ ಒಳಹರಿದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಇಳಿಜಾರು ಆರಂಭವಾಗುವಲ್ಲಿ ಅಂಗೈ ಎತ್ತರದ ಉಬ್ಬು ಮತ್ತು ಅಡ್ಡಲಾಗಿ ಜಾಲರಿ ಮುಚ್ಚಿದ ಚರಂಡಿ ಇರಲೇಬೇಕು. ಇಲ್ಲಿ ಉಳಿಸಿದ ಹಣಕ್ಕೆ ಪಂಪಿನ ರೂಪದಲ್ಲಿ ದಂಡ ತೆರಬೇಕಾಗುತ್ತದೆ.

ಪಂಪಿನ ಮೇಲಿನ ಭರವಸೆಯೂ ಅಪಾಯಕಾರಿ. ಬಿರುಗಾಳಿ ಮಳೆಯಲ್ಲಿ ಮೊದಲು ಹೋಗುವುದೇ ವಿದ್ಯುತ್. ತಗ್ಗಿನ ನೀರು ತಾನಾಗಿಯೇ ಹರಿದು ಹೋಗಬಲ್ಲ ಹಳ್ಳವೋ ರಾಜಕಾಲುವೆಯೋ ಸಮೀಪದಲ್ಲಿದ್ದರೆ ಅದಕ್ಕೇ ಮೊದಲ ಆದ್ಯತೆ ಸಲ್ಲಬೇಕು. ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ 2023ರ ಮೇ 21ರಂದು ಕಾರು ಮುಳುಗಿ 22 ವರ್ಷದ ಯುವತಿ ಅಸುನೀಗಿದ ದುರಂತ ಸಂಭವಿಸಿದ್ದು ಕುಗ್ರಾಮದಲ್ಲಲ್ಲ, ವಿಧಾನಸೌಧದ ಅನತಿ ದೂರದಲ್ಲಿ.

ಹಳ್ಳವಿರುವೆಡೆ ಇನ್ನೊಂದು ಮಾರ್ಗವಿದೆ. ಹೊಸದಾಗಿ ಅಗೆಯದೆ, ಈಗಿರುವ ಹೆದ್ದಾರಿ ಸೇತುವೆಯ ಕೆಳಗೇ ಹಳ್ಳದ ದಂಡೆಯಗುಂಟ ಪಥ ಹಾಯಿಸುವುದು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಬಫಲೊ ಬಾಯೂ ಎಂಬ ನಿಧಾನಗತಿಯ ಹೊಳೆಯ ಗುಂಟ, ಐ–45 ಹೆದ್ದಾರಿಯ ಕೆಳಗೆ 2006ರಲ್ಲಿ ತೆರೆದ ಸಬೀನ್ ವಿಹಾರಪಥ ಇಂಥದ್ದು. ಈ ಪಥ ಮುಳುಗುತ್ತದೆ ಎಂದು ತಿಳಿದೇ ಅದನ್ನು ರೂಪಿಸಲಾಯಿತು. ಕೊರೆತ ತಡೆಯಲು ದಂಡೆಗೆ ಕಲ್ಲು ತುಂಬಿದ ತಂತಿಪೆಟ್ಟಿಗೆಗಳನ್ನು ಪೇರಿಸಿದರು, ಬೇರು ಗಟ್ಟಿಯಾಗಿ ಹಿಡಿಯುವ ಗಿಡಗಳನ್ನು ನೆಟ್ಟರು. 2017ರ ಆಗಸ್ಟ್‌ನ ಹಾರ್ವೆ ಚಂಡಮಾರುತದ ಪ್ರವಾಹ ಹೊಳೆದಂಡೆಯ ಉದ್ಯಾನದ ಮೇಲೆ ಹೇರಳ ಹೂಳು ಬಿಟ್ಟುಹೋಯಿತು. ಹೂಳೆತ್ತಿ ಉದ್ಯಾನವನ್ನು ಮತ್ತೆ ಬಳಕೆಗೆ ತರಲಾಯಿತು.

ಇದನ್ನು ಇಲ್ಲಿಗೆ ಯಥಾವತ್ತಾಗಿ ತರುವಂತಿಲ್ಲ. ನಮ್ಮ ಹಳ್ಳಗಳಲ್ಲಿ ಮಳೆನೀರಿನೊಂದಿಗೆ ಒಳಚರಂಡಿಯೂ ಹರಿಯುತ್ತದೆ, ಅದನ್ನು ಬೇರ್ಪಡಿಸದ ಹೊರತು ಆ ದಂಡೆಯಲ್ಲಿ ಯಾರೂ ನಡೆಯಲಾರರು. ಜೊತೆಗೆ, ಮುಳುಗಲಿರುವ ಪಥಕ್ಕೆ ನೀರಿನ ಮಟ್ಟ ತೋರುವ ಅಳತೆಪಟ್ಟಿ, ಮುಚ್ಚಲು ಗೇಟು, ಗೇಟು ಹಾಕಿದಾಗ ಬಳಸಲು ಎತ್ತರದ ಬದಲಿ ದಾರಿ ಮೂರೂ ಬೇಕು.

ಇನ್ನುಳಿದದ್ದು ಹೊಣೆಯ ಪ್ರಶ್ನೆ. ರಸ್ತೆ ಪ್ರಾಧಿಕಾರದ್ದು, ಆಚೆಯ ಚರಂಡಿ ನಗರಸಭೆ ಅಥವಾ ಪಂಚಾಯಿತಿಯದು, ಕೆರೆಕೋಡಿ ಮತ್ತೊಂದು ಇಲಾಖೆಯದು. ಮೇ ತಿಂಗಳೊಳಗೆ ಜಾಲರಿಯ ಕಸ ಮತ್ತು ಕೊಳವೆಯ ಹೂಳು ತೆಗೆಯುವವರು ಯಾರು, ರಾತ್ರಿ ಮಳೆ ಬಂದರೆ ಗೇಟಿನ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನು ಅಂದಾಜುಪಟ್ಟಿಯಲ್ಲೇ ಹುದ್ದೆಯ ಹೆಸರು ಸಹಿತ ಬರೆಯಿಸಲು ಪ್ರತ್ಯೇಕ ಅನುದಾನವೇನೂ ಬೇಕಿಲ್ಲ.